ಫ್ಲೈಟ್ ಸಿಮ್ಯುಲೇಟರ್ ಪ್ಲೇಸ್ಟೇಷನ್‌ಗೆ ಯಾಕೆ ಬಂತು? ಮನೆಯಲ್ಲಿ ವಿಮಾನ ಹಾರಿಸುವ ವ್ಯಾಪಾರದ ಲೆಕ್ಕ

2025ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್, ಪರದೆಯ ಮೇಲೆ ವಿಮಾನ ಹಾರಿಸುವ ತನ್ನ ಸಾಫ್ಟ್‌ವೇರ್ 'ಫ್ಲೈಟ್ ಸಿಮ್ಯುಲೇಟರ್ 2024' ಅನ್ನು ಸೋನಿಯ ಪ್ಲೇಸ್ಟೇಷನ್ 5ಕ್ಕೆ ಬಿಡುಗಡೆ ಮಾಡಿತು. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್‌ಗೆ ಸೋನಿಯೇ ನೇರ ಎದುರಾಳಿ. ಈ ಸಿಮ್ಯುಲೇಟರ್ 1982ರಿಂದ ಮೈಕ್ರೋಸಾಫ್ಟ್ ಹೆಸರಿನಲ್ಲಿ ಬರುತ್ತಿದೆ. ವಿಂಡೋಸ್‌ಗಿಂತಲೂ ಹಳೆಯದು. ಅಂಥದ್ದನ್ನು ಎದುರಾಳಿಯ ಅಂಗಡಿಯಲ್ಲಿ ಮಾರಾಟಕ್ಕಿಟ್ಟಿದ್ದು ಯಾಕೆ ಅಂತ ಬಹಳ ಜನರಿಗೆ ಗೊಂದಲವಾಗಿದೆ. ಲಾಭ ಬರುತ್ತಿದ್ದರೆ ಅಲ್ಲಿಗೆ ಯಾಕೆ ಹೋಗಬೇಕಿತ್ತು? ನಷ್ಟವಾಗುತ್ತಿದ್ದರೆ, 2020ರ ಆವೃತ್ತಿ ಬಂದ ನಾಲ್ಕೇ ವರ್ಷಕ್ಕೆ ಹೊಸದನ್ನು ಯಾಕೆ ಮಾಡಬೇಕಿತ್ತು?

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರಿಗೆ ಈ ಪ್ರಶ್ನೆ ದೂರದ್ದೇನಲ್ಲ. ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ 2017ರಲ್ಲಿ ಉಡಾನ್ ಯೋಜನೆಯಡಿ ವಿಮಾನ ಬಂತು. ಕೊಪ್ಪಳದ ಹತ್ತಿರ ಇರುವ ಏರ್‌ಸ್ಟ್ರಿಪ್ ಖಾಸಗಿ ಕಂಪನಿಯದು. ರಾಯಚೂರಿನವರು ಯರಮರಸ್ ನಿಲ್ದಾಣಕ್ಕಾಗಿ ವರ್ಷಗಟ್ಟಲೆ ಕಾದಿದ್ದಾರೆ. ಹೀಗಾಗಿ ಇಲ್ಲಿ ವಿಮಾನದ ಹುಚ್ಚು ಹಿಡಿದ ಹುಡುಗ, ಹುಡುಗಿಯರು ಕಾಕ್‌ಪಿಟ್ ಅಂತ ಮೊದಲು ನೋಡುವುದೇ ಮನೆಯ ಕಂಪ್ಯೂಟರ್ ಪರದೆಯಲ್ಲಿ. ಅದಕ್ಕೆ ಹಾಕುವ ದುಡ್ಡು ಸಣ್ಣದಲ್ಲ. ಆ ದುಡ್ಡು ಎಲ್ಲಿಗೆ ಹೋಗುತ್ತದೆ, ಕೊಂಡದ್ದು ಎಷ್ಟು ವರ್ಷ ಬಾಳುತ್ತದೆ ಅನ್ನುವುದು ಕೊಳ್ಳುವ ಮುಂಚೆ ಗೊತ್ತಿರಬೇಕು.

ಈ ವ್ಯಾಪಾರದ ಇಲ್ಲಿವರೆಗಿನ ಕಥೆ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಸಿಮ್ಯುಲೇಟರ್ ಒಂದನ್ನೇ ಮಾರಿಕೊಂಡು ಬದುಕುವುದು ಬಹಳ ಕಷ್ಟ. ದುಡ್ಡು ಇರುವುದು ಅದರ ಸುತ್ತಲಿನ ವಸ್ತುಗಳಲ್ಲಿ. ಆ ಸುತ್ತಲಿನ ದುಡ್ಡನ್ನು ಯಾರು ಹಿಡಿಯುತ್ತಾರೋ ಅವರು ಉಳಿಯುತ್ತಾರೆ.

2009ರಲ್ಲಿ ಅಂಗಡಿ ಮುಚ್ಚಿದ್ದು ಯಾಕೆ

2006ರ ಅಕ್ಟೋಬರ್‌ನಲ್ಲಿ 'ಫ್ಲೈಟ್ ಸಿಮ್ಯುಲೇಟರ್ ಎಕ್ಸ್' ಬಂತು. ಅಭಿಮಾನಿಗಳು ಇದನ್ನು ಎಫ್‌ಎಸ್‌ಎಕ್ಸ್ ಅನ್ನುತ್ತಾರೆ. ಜನ ಇದನ್ನು ಬಹಳ ಮೆಚ್ಚಿಕೊಂಡರು. ಆದರೂ 2009ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಇದನ್ನು ತಯಾರಿಸಿದ ಏಸಸ್ ಸ್ಟುಡಿಯೋವನ್ನೇ ಮುಚ್ಚಿತು. ಆಗ ಜಗತ್ತಿನಲ್ಲಿ ಆರ್ಥಿಕ ಹಿಂಜರಿತ ಇತ್ತು, ಕಂಪನಿ ಸಾವಿರಾರು ಜನರನ್ನು ಕೆಲಸದಿಂದ ತೆಗೆಯುತ್ತಿತ್ತು. ಅದೊಂದೇ ಕಾರಣ ಅಂದುಕೊಂಡರೆ ಪೂರ್ತಿ ವಿಷಯ ಅರ್ಥವಾಗಲ್ಲ.

ಎಫ್‌ಎಸ್‌ಎಕ್ಸ್ ಕೊಂಡವರ ಖರ್ಚು ನೋಡಿ. ಡಿಸ್ಕ್‌ಗೆ ಒಂದು ಸಲ ಕೆಲವು ಹತ್ತು ಡಾಲರ್ ಕೊಟ್ಟರು. ಆಮೇಲೆ ಅದನ್ನೇ ಹತ್ತು ವರ್ಷ ಹಾರಿಸಿದರು. ಆ ಹತ್ತು ವರ್ಷದಲ್ಲಿ ಅವರು ಖರ್ಚು ಮಾಡಲಿಲ್ಲ ಅಂತಲ್ಲ, ಜಾಸ್ತಿಯೇ ಮಾಡಿದರು. ಸಿಮ್ಯುಲೇಟರ್‌ಗೆ ವಿಮಾನ ಮಾಡಿಕೊಡುವ ಪಿಎಂಡಿಜಿ ಕಂಪನಿಯಿಂದ ಬೋಯಿಂಗ್ 737 ಕೊಂಡರು. ಆಸ್ಟ್ರೇಲಿಯಾದ ಆರ್ಬಿಎಕ್ಸ್‌ನಿಂದ ಭೂದೃಶ್ಯ, ಜರ್ಮನಿಯ ಏರೋಸಾಫ್ಟ್‌ನಿಂದ ವಿಮಾನ ನಿಲ್ದಾಣ ಕೊಂಡರು. ಜಾಯ್‌ಸ್ಟಿಕ್, ಯೋಕ್, ರಡ್ಡರ್ ಪೆಡಲ್ ಅಂತ ಬೇರೆ ಖರ್ಚು. ಇದರಲ್ಲಿ ಮೈಕ್ರೋಸಾಫ್ಟ್‌ಗೆ ಏನೂ ಸಿಗಲಿಲ್ಲ.

ಅಂದರೆ ಸಿಮ್ಯುಲೇಟರ್ ಎಷ್ಟು ಗಟ್ಟಿಯಾಗಿದ್ದರೆ ಅದರ ಮೂಲ ಕಂಪನಿಗೆ ಅಷ್ಟು ಕಷ್ಟ. ಗಿರಾಕಿಗೆ ಹೊಸದು ಬೇಕೆನಿಸುವುದೇ ಇಲ್ಲ. ಇರುವುದಕ್ಕೇ ಬಿಡಿ ಭಾಗ ಸೇರಿಸಿಕೊಳ್ಳುತ್ತಾ ಹೋಗುತ್ತಾನೆ. ಬೇರೆ ಆಟಗಳಲ್ಲಿ ಹೀಗಾಗಲ್ಲ. ಕ್ರಿಕೆಟ್, ಫುಟ್‌ಬಾಲ್ ಆಟ ಕೊಂಡವರು ಒಂದೆರಡು ವರ್ಷಕ್ಕೆ ಹೊಸದಕ್ಕೆ ಹೋಗುತ್ತಾರೆ. ಸಿಮ್ಯುಲೇಟರ್ ಹುಚ್ಚಿನವನು ತನ್ನ ವಿಮಾನದ ಸ್ವಿಚ್ಚು ಸ್ವಿಚ್ಚನ್ನೂ ಕಲಿತಿರುತ್ತಾನೆ. ಅದನ್ನು ಅಷ್ಟು ಸುಲಭವಾಗಿ ಬಿಡಲ್ಲ.

ಬಾಗಿಲು ಹಾಕಿದರೂ ನಡೆಯಲಿಲ್ಲ

ಈ ಲೆಕ್ಕ ಮೈಕ್ರೋಸಾಫ್ಟ್‌ಗೂ ಗೊತ್ತಿತ್ತು. 2012ರ ಫೆಬ್ರವರಿಯಲ್ಲಿ ಅದು 'ಮೈಕ್ರೋಸಾಫ್ಟ್ ಫ್ಲೈಟ್' ತಂದಿತು. ಈ ಸಲ ಮೂಲ ಸಾಫ್ಟ್‌ವೇರ್ ಪುಕ್ಕಟೆ. ಆದರೆ ಹೆಚ್ಚುವರಿ ವಿಮಾನ, ಹೆಚ್ಚುವರಿ ಜಾಗ ಬೇಕಾದರೆ ಮೈಕ್ರೋಸಾಫ್ಟ್ ಹತ್ತಿರವೇ ಕೊಳ್ಳಬೇಕು. ಹೊರಗಿನ ಕಂಪನಿಗಳಿಗೆ ಒಳಗೆ ಪ್ರವೇಶವಿಲ್ಲ. ಹಾರಲು ಸಿಕ್ಕಿದ್ದು ಇಡೀ ಭೂಮಿಯಲ್ಲ, ಶುರುವಿನಲ್ಲಿ ಹವಾಯಿ ಮಾತ್ರ.

ಹಳೆಯ ಗಿರಾಕಿಗಳು ತಿರುಗಿಯೂ ನೋಡಲಿಲ್ಲ. ಅವರ ಹತ್ತಿರ ಆಗಲೇ ಇಡೀ ಭೂಮಿ ಇತ್ತು, ಸಾವಿರಾರು ಆಡ್-ಆನ್ (ಹೊರಗಿನವರು ಮಾಡಿದ ಹೆಚ್ಚುವರಿ ವಿಮಾನ, ನಿಲ್ದಾಣ, ಭೂದೃಶ್ಯ) ಇದ್ದವು. ಹೊಸಬರು ಪುಕ್ಕಟೆ ಅಂತ ಬಂದರು, ನಾಲ್ಕು ದಿನ ಆಡಿ ಹೋದರು. ಅದೇ ವರ್ಷ ಜುಲೈನಲ್ಲಿ ಮೈಕ್ರೋಸಾಫ್ಟ್ ಅದರ ಕೆಲಸ ನಿಲ್ಲಿಸಿತು.

ಮಧ್ಯದಲ್ಲಿ ಬ್ರಿಟನ್ನಿನ ಡವ್‌ಟೇಲ್ ಗೇಮ್ಸ್ ಕೂಡ ಕೈ ಹಾಕಿತು. 2014ರಲ್ಲಿ ಎಫ್‌ಎಸ್‌ಎಕ್ಸ್ ಅನ್ನು ಸ್ಟೀಮ್ ಎಂಬ ಆನ್‌ಲೈನ್ ಆಟದ ಅಂಗಡಿಯಲ್ಲಿ ಮಾರಿ ಸ್ವಲ್ಪ ಹಣ ನೋಡಿತು. ಆ ಧೈರ್ಯದಲ್ಲಿ 2017ರಲ್ಲಿ 'ಫ್ಲೈಟ್ ಸಿಮ್ ವರ್ಲ್ಡ್' ಶುರು ಮಾಡಿತು, 2018ರಲ್ಲೇ ನಿಲ್ಲಿಸಿತು. ಇಡೀ ಭೂಮಿ, ಗಾಳಿ, ಮೋಡ, ಎಂಜಿನ್, ರೇಡಿಯೋ ಎಲ್ಲವನ್ನೂ ಹೊಸದಾಗಿ ಕಟ್ಟುವ ಖರ್ಚು ದೊಡ್ಡದು, ಕೊಳ್ಳುವವರ ಸಂಖ್ಯೆ ಸಣ್ಣದು. ಮಧ್ಯಮ ಗಾತ್ರದ ಕಂಪನಿಗೆ ಇದು ತೂಗಲ್ಲ.

ಭೂಮಿಯನ್ನೇ ಸರ್ವರ್‌ನಲ್ಲಿ ಇಟ್ಟ ಮೇಲೆ

2020ರ ಆಗಸ್ಟ್ 18ರಂದು ಬಂದ ಹೊಸ ಫ್ಲೈಟ್ ಸಿಮ್ಯುಲೇಟರ್ ಈ ಲೆಕ್ಕವನ್ನು ಬದಲಿಸಲು ನೋಡಿತು. ಮಾಡಿದ್ದು ಫ್ರಾನ್ಸಿನ ಬೋರ್ಡೋ ನಗರದ ಅಸೋಬೋ ಸ್ಟುಡಿಯೋ. ಭೂಮಿಯ ಚಿತ್ರ ಬಿಂಗ್ ಮ್ಯಾಪ್ಸ್‌ನಿಂದ, ಸರ್ವರ್ ಮೈಕ್ರೋಸಾಫ್ಟ್‌ನದೇ ಅಜೂರ್. ಎರಡು ಪೆಟಾಬೈಟ್‌ಗೂ, ಅಂದರೆ ಇಪ್ಪತ್ತು ಲಕ್ಷ ಜಿಬಿಗೂ ಹೆಚ್ಚಿನ ಡೇಟಾ. ಯಾರ ಮನೆಯ ಹಾರ್ಡ್‌ಡಿಸ್ಕ್‌ನಲ್ಲೂ ಅಷ್ಟು ಹಿಡಿಸಲ್ಲ. ಹಾಗಾಗಿ ನಾವು ಹಾರುತ್ತಿರುವ ಜಾಗ ಅಷ್ಟನ್ನೇ ಇಂಟರ್ನೆಟ್ ಮೂಲಕ ಕಳಿಸುತ್ತಾರೆ.

ಇದರಿಂದ ಮೂರು ದಾರಿಯಲ್ಲಿ ದುಡ್ಡು ಬರುತ್ತದೆ. ಮೊದಲನೆಯದು ನೇರ ಮಾರಾಟ. 2020ರಲ್ಲಿ ಅಮೆರಿಕದಲ್ಲಿ 60, 90, 120 ಡಾಲರ್‌ನ ಮೂರು ಆವೃತ್ತಿ ಇದ್ದವು. 2024ರದ್ದು 70 ಡಾಲರ್‌ನಿಂದ ಶುರುವಾಗಿ 200 ಡಾಲರ್‌ವರೆಗೆ ಹೋಗುತ್ತದೆ. ಎರಡನೆಯದು ಗೇಮ್ ಪಾಸ್ ಎಂಬ ತಿಂಗಳ ಚಂದಾ. ಮೂರನೆಯದು ಸಿಮ್ಯುಲೇಟರ್ ಒಳಗೇ ಇರುವ ಮಾರ್ಕೆಟ್‌ಪ್ಲೇಸ್. ಅಲ್ಲಿ ಹೊರಗಿನ ಕಂಪನಿಗಳ ವಿಮಾನ ಮಾರಾಟವಾದರೂ ಮೈಕ್ರೋಸಾಫ್ಟ್‌ಗೆ ಪಾಲು ಇದೆ. 2009ರಲ್ಲಿ ಕೈ ತಪ್ಪಿದ್ದ ದುಡ್ಡು ಇದೇ. 2012ರಲ್ಲಿ ಬಾಗಿಲು ಹಾಕಿ ಹಿಡಿಯಲು ಹೋಗಿ ಕಳೆದುಕೊಂಡದ್ದೂ ಇದೇ. ಈ ಸಲ ಬಾಗಿಲು ತೆರೆದಿಟ್ಟು ಒಳಗೊಂದು ಅಂಗಡಿ ಇಟ್ಟರು.

ಆಡಿದವರ ಸಂಖ್ಯೆ ಒಂದೂವರೆ ಕೋಟಿ ದಾಟಿದೆ ಅಂತ ಕಂಪನಿ ಹೇಳಿಕೊಂಡಿದೆ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಅದು ಆಡಿದವರ ಲೆಕ್ಕ, ಪೂರ್ತಿ ದುಡ್ಡು ಕೊಟ್ಟು ಕೊಂಡವರ ಲೆಕ್ಕವಲ್ಲ. ಗೇಮ್ ಪಾಸ್ ಇದ್ದವನು ಒಂದು ಸಂಜೆ ತನ್ನ ಊರಿನ ಮೇಲೆ ಒಂದು ಸುತ್ತು ಹಾಕಿ ಬಿಟ್ಟರೂ ಲೆಕ್ಕಕ್ಕೆ ಬರುತ್ತಾನೆ. ಈ ಎರಡನ್ನೂ ಒಂದೇ ಅಂದುಕೊಂಡರೆ ವ್ಯಾಪಾರ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ಮುಖ್ಯ ಬದಲಾವಣೆ ಖರ್ಚಿನ ಕಡೆ ಆಗಿದೆ. ಎಫ್‌ಎಸ್‌ಎಕ್ಸ್ ಡಿಸ್ಕ್ ಮಾರಿದ ಮೇಲೆ ಆ ಗಿರಾಕಿಯಿಂದ ಕಂಪನಿಗೆ ಖರ್ಚು ಇರಲಿಲ್ಲ. ಈಗ ಗಿರಾಕಿ ಹಾರುವ ಪ್ರತಿ ಗಂಟೆಗೂ ಸರ್ವರ್ ಓಡಬೇಕು, ಡೇಟಾ ಕಳಿಸಬೇಕು. ಬೆಲೆ ಒಂದೇ ಸಲ ಸಿಗುತ್ತದೆ, ಖರ್ಚು ಮಾತ್ರ ದಿನಾಲೂ ಇರುತ್ತದೆ. ಹೀಗಾದಾಗ ಕಂಪನಿಗೆ ಹೊಸ ಗಿರಾಕಿಗಳು ಬರುತ್ತಲೇ ಇರಬೇಕು, ಹಳಬರು ಏನಾದರೂ ಕೊಳ್ಳುತ್ತಲೇ ಇರಬೇಕು. ನಾಲ್ಕೇ ವರ್ಷಕ್ಕೆ ಹೊಸ ಆವೃತ್ತಿ ಬಂದಿದ್ದರ ಹಿಂದೆ ಈ ಒತ್ತಡ ಇದೆ ಅನ್ನುವುದು ನನ್ನ ಅಂದಾಜು.

ಪ್ಲೇಸ್ಟೇಷನ್ ಪ್ರಶ್ನೆಗೆ ಉತ್ತರವೂ ಇಲ್ಲೇ ಸಿಗುತ್ತದೆ. ಪಿಸಿಯಲ್ಲಿ ಆಡುವವನು ಆಡ್-ಆನ್ ಅನ್ನು ಅದನ್ನು ಮಾಡಿದ ಕಂಪನಿಯ ಜಾಲತಾಣದಿಂದಲೇ ನೇರವಾಗಿ ಕೊಳ್ಳಬಹುದು. ಆಗ ಮೈಕ್ರೋಸಾಫ್ಟ್‌ಗೆ ಪಾಲಿಲ್ಲ. ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್‌ನಂಥ ಕನ್ಸೋಲ್‌ನಲ್ಲಿ ಆ ದಾರಿ ಇಲ್ಲ, ಮಾರ್ಕೆಟ್‌ಪ್ಲೇಸ್ ಒಂದೇ. ಹಾಗಾಗಿ ಪ್ಲೇಸ್ಟೇಷನ್‌ನಲ್ಲಿ ಸಿಗುವ ಒಬ್ಬೊಬ್ಬ ಗಿರಾಕಿಯೂ ಮೊದಲು ಸಿಮ್ಯುಲೇಟರ್‌ಗೆ ಬೆಲೆ ಕೊಡುತ್ತಾನೆ, ಆಮೇಲೆ ಕೊಳ್ಳುವ ಪ್ರತಿ ವಿಮಾನದಲ್ಲೂ ಪಾಲು ತರುತ್ತಾನೆ. ಸೋನಿಯೂ ನಡುವೆ ತನ್ನ ಭಾಗ ತೆಗೆದುಕೊಳ್ಳುತ್ತದೆ, ನಿಜ. ಆದರೂ ಭೂಮಿ ಆಗಲೇ ಕಟ್ಟಿ ಆಗಿದೆ. ಅದನ್ನು ಇನ್ನಷ್ಟು ಜನರಿಗೆ ಮಾರಿದರೆ ಹಾಕಿದ ಬಂಡವಾಳ ಬೇಗ ವಾಪಸ್ ಬರುತ್ತದೆ. ಮೈಕ್ರೋಸಾಫ್ಟ್ ಇದೊಂದರಲ್ಲೇ ಹೀಗೆ ಮಾಡುತ್ತಿಲ್ಲ. 'ಸೀ ಆಫ್ ಥೀವ್ಸ್', 'ಫೋರ್ಜಾ ಹೊರೈಜನ್ 5' ಕೂಡ ಪ್ಲೇಸ್ಟೇಷನ್‌ಗೆ ಬಂದಿವೆ.

ಆನೆಗೊಂದಿಯ ಬಂಡೆಗೆ ಯಾವಾಗ ಸರದಿ?

ನಮ್ಮ ಕಡೆಯ ಯಾರೇ ಈ ಸಿಮ್ಯುಲೇಟರ್ ಹಾಕಿಕೊಂಡರೂ ಮೊದಲು ಹುಡುಕುವುದು ತಮ್ಮ ಊರನ್ನೇ. ಬಳ್ಳಾರಿಯವರು ಕೋಟೆ ಗುಡ್ಡ ಹುಡುಕುತ್ತಾರೆ, ಗಂಗಾವತಿಯವರು ಅಂಜನಾದ್ರಿ, ರಾಯಚೂರಿನವರು ಶಕ್ತಿನಗರದ ಚಿಮಣಿ. ಸಿಕ್ಕಿದ್ದು ಕೆಲವೊಮ್ಮೆ ಊರಿನ ಹಾಗೆ ಕಾಣಲ್ಲ. ಇದಕ್ಕೂ ವ್ಯಾಪಾರಕ್ಕೂ ನೇರ ಸಂಬಂಧ ಇದೆ.

ಭೂಮಿಯ ಬಹುಭಾಗವನ್ನು ಯಾರೂ ಕೈಯಿಂದ ಮಾಡಿಲ್ಲ. 2020ರ ಆವೃತ್ತಿಯಲ್ಲಿ ಆಸ್ಟ್ರಿಯಾದ ಬ್ಲ್ಯಾಕ್‌ಶಾರ್ಕ್ ಡಾಟ್ ಎಐ ಕಂಪನಿಯ ತಂತ್ರಜ್ಞಾನ ಮೇಲಿನಿಂದ ತೆಗೆದ ಚಿತ್ರ ನೋಡುತ್ತದೆ. ಚಾವಣಿಯ ಆಕಾರ ನೋಡಿ ಇಲ್ಲಿ ಮನೆ, ಅಲ್ಲಿ ಕಚೇರಿ ಅಂತ ಊಹಿಸಿ ಕಟ್ಟಡ ಎಬ್ಬಿಸುತ್ತದೆ. ಹೀಗೆ ನೂರೈವತ್ತು ಕೋಟಿ ಕಟ್ಟಡ ಎದ್ದವು. ಊಹೆ ಅಂದಮೇಲೆ ತಪ್ಪುಗಳೂ ಆದವು. ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆ ಮೊದಲು ಕಚೇರಿ ಕಟ್ಟಡದ ಹಾಗೆ ಕಂಡಿತು. ಮೆಲ್ಬರ್ನ್‌ನ ಬಡಾವಣೆಯೊಂದರಲ್ಲಿ 212 ಅಂತಸ್ತಿನ ಗೋಪುರ ಎದ್ದಿತು. ಜನರೇ ಸೇರಿ ಮಾಡುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯಲ್ಲಿ ಯಾರೋ ಎರಡು ಅಂತಸ್ತು ಬರೆಯುವ ಬದಲು 212 ಅಂತ ಒತ್ತಿದ್ದರು.

ಅರಮನೆಯ ತಪ್ಪನ್ನು ಸರಿ ಮಾಡಲು ಮನುಷ್ಯ ಕೂತು ಕೆಲಸ ಮಾಡಬೇಕು. ಅದಕ್ಕೆ ಸಂಬಳ ಬೇಕು. ಸಂಬಳದ ದುಡ್ಡು ಎಲ್ಲಿ ಗಿರಾಕಿ ಜಾಸ್ತಿಯೋ ಅಲ್ಲಿಗೆ ಮೊದಲು ಹೋಗುತ್ತದೆ. ಒಂದೊಂದು ದೇಶದ ನೆಲ, ಕಟ್ಟಡ ಸುಧಾರಿಸಿ ಪುಕ್ಕಟೆಯಾಗಿ ಕೊಟ್ಟ ವರ್ಲ್ಡ್ ಅಪ್‌ಡೇಟ್‌ಗಳ ಸಾಲು ನೋಡಿ: ಮೊದಲು ಜಪಾನ್, ಆಮೇಲೆ ಅಮೆರಿಕ, ಬ್ರಿಟನ್, ಫ್ರಾನ್ಸ್ ಸುತ್ತಮುತ್ತ. ಕಲ್ಲುಗುಡ್ಡಗಳ ಮೇಲೆ ಕಲ್ಲು ಪೇರಿಸಿದ ಹಾಗಿರುವ ಆನೆಗೊಂದಿಯ ನೆಲವನ್ನು ಮೇಲಿನ ಚಿತ್ರ, ಎತ್ತರದ ಅಳತೆ ಇವೆರಡರಿಂದಲೇ ಸರಿಯಾಗಿ ಎಬ್ಬಿಸಲು ಆಗಲ್ಲ. ಗೋಪುರ ಗೋಪುರವಾಗಿ ಕಾಣಬೇಕಾದರೆ ಯಾರಾದರೂ ಕೈಯಿಂದ ಕಟ್ಟಬೇಕು. ಇಲ್ಲಿ ಅನ್ಯಾಯ ಆಗುತ್ತಿದೆ ಅಂತ ಅನ್ನಿಸುವುದು ಸಹಜ, ನನಗೂ ಅನ್ನಿಸುತ್ತದೆ. ಆದರೆ ಭಾರತದಲ್ಲಿ ದುಡ್ಡು ಕೊಟ್ಟು ಕೊಳ್ಳುವವರು ಹೆಚ್ಚುವವರೆಗೂ ಇದು ತಾನಾಗಿ ಬದಲಾಗಲ್ಲ.

ಆಡ್-ಆನ್ ಕಂಪನಿಗಳ ಇಕ್ಕಟ್ಟು

ಹೊಸ ವ್ಯವಸ್ಥೆಯಿಂದ ಎಲ್ಲರಿಗೂ ಲಾಭ ಅನ್ನುವವರಿದ್ದಾರೆ. ಗಿರಾಕಿ ಹೆಚ್ಚಿದರೆ ಆಡ್-ಆನ್ ಮಾರುವವರ ವ್ಯಾಪಾರವೂ ಹೆಚ್ಚುತ್ತದೆ ಅನ್ನುವುದು ಅವರ ವಾದ. ಅದರಲ್ಲಿ ಸತ್ಯ ಇದೆ. ಹಿಂದೆ ಸಾವಿರಗಳ ಲೆಕ್ಕದಲ್ಲಿ ಮಾರುತ್ತಿದ್ದವರಿಗೆ ಈಗ ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್ ಎರಡೂ ತೆರೆದಿವೆ.

ಇನ್ನೊಂದು ಕಡೆಯವರ ಮಾತನ್ನೂ ಕೇಳಬೇಕು. ಈಗ ಸಿಮ್ಯುಲೇಟರ್ ಜೊತೆಗೇ ಒಳ್ಳೆಯ ವಿಮಾನಗಳು ಬರುತ್ತಿವೆ. 2022ರ ನವೆಂಬರ್‌ನಲ್ಲಿ 40ನೇ ವರ್ಷದ ಆವೃತ್ತಿಯಲ್ಲಿ ಐನಿಬಿಲ್ಡ್ಸ್ ಎಂಬ ಆಡ್-ಆನ್ ಕಂಪನಿ ಮಾಡಿದ ಏರ್‌ಬಸ್ ಎ310 ಪುಕ್ಕಟೆ ಸಿಕ್ಕಿತು. ಮೈಕ್ರೋಸಾಫ್ಟ್‌ನಿಂದ ಕೆಲಸ ಸಿಕ್ಕ ಕಂಪನಿಗೆ ಇದು ಸಂತೋಷ. ಅಂಥದ್ದೇ ವಿಮಾನವನ್ನು ವರ್ಷಗಟ್ಟಲೆ ಕಷ್ಟಪಟ್ಟು ಮಾಡುತ್ತಿದ್ದ ಇನ್ನೊಂದು ಕಂಪನಿಗೆ ಪೆಟ್ಟು. ಇದರ ಜೊತೆಗೆ ಫ್ಲೈಬೈವೈರ್ ಎಂಬ ಸ್ವಯಂಸೇವಕರ ತಂಡ ಏರ್‌ಬಸ್ ಎ320 ನಿಯೋವನ್ನು ಪುಕ್ಕಟೆ ಕೊಡುತ್ತಿದೆ. ಪುಕ್ಕಟೆಯದ್ದೇ ಇಷ್ಟು ಚೆನ್ನಾಗಿರುವಾಗ, ದುಡ್ಡು ಕೇಳುವವನು ಅದಕ್ಕಿಂತ ಬಹಳ ಮೇಲಿರಬೇಕು. ಫೆನಿಕ್ಸ್ ಕಂಪನಿಯ ಎ320, ಪಿಎಂಡಿಜಿಯ 737 ಹಾಗೆ ಉಳಿದಿವೆ. ಒಂದು ಫ್ಯೂಸ್ ಎಳೆದರೆ ನಿಜವಾದ ವಿಮಾನದಲ್ಲಿ ಏನಾಗುತ್ತದೋ ಅದೇ ಆಗುವಷ್ಟು ಆಳ ಅವುಗಳಲ್ಲಿದೆ. ಮಧ್ಯಮ ದರ್ಜೆಯ, ಮಧ್ಯಮ ಬೆಲೆಯ ವಿಮಾನ ಮಾಡುವವರಿಗೆ ಜಾಗ ಕಡಿಮೆಯಾಗುತ್ತಿದೆ.

ನಕಲಿ ಹಾವಳಿ ಬೇರೆ ಇದೆ. ಕೆಲವೇ ಸಾವಿರ ಪ್ರತಿ ಮಾರುವ ಕಂಪನಿಗೆ ಕದ್ದ ಒಂದೊಂದು ಪ್ರತಿಯೂ ನೋವು ಕೊಡುತ್ತದೆ. 2018ರಲ್ಲಿ ಒಂದು ಆಡ್-ಆನ್ ಕಂಪನಿ ಕಳ್ಳ ಪ್ರತಿ ಹಿಡಿಯಲು ಹೋಗಿ, ತನ್ನ ಇನ್‌ಸ್ಟಾಲರ್ ಒಳಗೆ ಬ್ರೌಸರ್‌ನ ಪಾಸ್‌ವರ್ಡ್ ತೆಗೆಯುವ ಫೈಲ್ ಇಟ್ಟದ್ದು ಬಯಲಾಯಿತು. ದುಡ್ಡು ಕೊಟ್ಟು ಕೊಂಡ ಪ್ರಾಮಾಣಿಕರ ಕಂಪ್ಯೂಟರ್‌ಗೂ ಆ ಫೈಲ್ ಹೋಗಿತ್ತು. ಎಷ್ಟೇ ನಷ್ಟವಾಗಲಿ, ಗಿರಾಕಿಯ ಮನೆಗೆ ಹೀಗೆ ಕೈ ಹಾಕುವುದು ಒಪ್ಪುವ ಮಾತಲ್ಲ.

ಬೇರೆ ದಾರಿ ಹಿಡಿದವರು

ಅಮೆರಿಕದ ಲ್ಯಾಮಿನಾರ್ ರಿಸರ್ಚ್ ಕಂಪನಿಯ 'ಎಕ್ಸ್-ಪ್ಲೇನ್' 1990ರ ದಶಕದಿಂದ ಉಳಿದುಕೊಂಡು ಬಂದಿದೆ. ಸ್ಥಾಪಕ ಆಸ್ಟಿನ್ ಮೇಯರ್. ತಂಡ ಸಣ್ಣದು, ಖರ್ಚು ಹಿಡಿತದಲ್ಲಿದೆ. ಮನೆ ಬಳಕೆಯ ಆವೃತ್ತಿ, ಮೊಬೈಲ್ ಆವೃತ್ತಿ, ತರಬೇತಿಗೆ ಬಳಸುವ ದುಬಾರಿ ಲೈಸೆನ್ಸ್ ಅಂತ ಮೂರು ಕಡೆಯಿಂದ ದುಡ್ಡು ಬರುತ್ತದೆ. ಒಂದು ಕಡೆ ಕಡಿಮೆಯಾದರೆ ಇನ್ನೊಂದು ಕಡೆ ಹಿಡಿಯುತ್ತದೆ.

ರಕ್ಷಣಾ ಕಂಪನಿ ಲಾಕ್‌ಹೀಡ್ ಮಾರ್ಟಿನ್ ಇನ್ನೊಂದು ದಾರಿ ಹಿಡಿಯಿತು. ಏಸಸ್ ಮುಚ್ಚಿದ ವರ್ಷವೇ ಮೈಕ್ರೋಸಾಫ್ಟ್‌ನಿಂದ ಆ ತಂತ್ರಜ್ಞಾನದ ಹಕ್ಕು ಪಡೆದು 2010ರಲ್ಲಿ 'ಪ್ರೆಪೇರ್3ಡಿ' ತಂದಿತು. ಇದು ತರಬೇತಿಗೆ ಮಾತ್ರ, ಮನರಂಜನೆಗೆ ಬಳಸುವಂತಿಲ್ಲ ಅಂತ ಲೈಸೆನ್ಸ್‌ನಲ್ಲೇ ಬರೆದಿದೆ. ಅದೇ ಹಳೆಯ ಎಂಜಿನ್ ಆಟವಾಗಿ ಬದುಕಲಿಲ್ಲ, ತರಬೇತಿ ಸಾಮಗ್ರಿಯಾಗಿ ಬದುಕಿತು. ಇವೆರಡರ ಜೊತೆ ಪೂರ್ತಿ ಪುಕ್ಕಟೆಯ, ಮುಕ್ತ ತಂತ್ರಾಂಶವಾದ 'ಫ್ಲೈಟ್‌ಗೇರ್' ಇದೆ. ವ್ಯಾಪಾರವೇ ಇಲ್ಲದ್ದರಿಂದ ಅದಕ್ಕೆ ಮುಚ್ಚುವ ಭಯವೂ ಇಲ್ಲ.

ಬೋರ್ ನೀರು, ಕಾಲುವೆ ನೀರು

ಕೊಳ್ಳುವವರ ದೃಷ್ಟಿಯಿಂದ ಎಲ್ಲಕ್ಕಿಂತ ದೊಡ್ಡ ವಿಷಯ ಇದು. ಎಫ್‌ಎಸ್‌ಎಕ್ಸ್ ಇದ್ದವನ ಸ್ಥಿತಿ ಹೊಲದಲ್ಲಿ ಸ್ವಂತ ಬೋರ್ ಇದ್ದ ರೈತನ ಹಾಗೆ. 2009ರಲ್ಲಿ ಸ್ಟುಡಿಯೋ ಮುಚ್ಚಿದರೂ ಅವನ ಸಿಮ್ಯುಲೇಟರ್ ನಿಲ್ಲಲಿಲ್ಲ. 2024ರ ಸಿಮ್ಯುಲೇಟರ್ ತುಂಗಭದ್ರಾ ಕಾಲುವೆಯ ನೀರು ಇದ್ದ ಹಾಗೆ. ಮೇಲೆ ಗೇಟು ತೆರೆದಿದ್ದರೆ ಹೊಲ ತುಂಬುತ್ತದೆ. ಗೇಟು ಬಂದಾದರೆ ನೀರಿಲ್ಲ. ಕೊನೆ ಭಾಗದವರಿಗೆ ಗೇಟು ತೆರೆದಿದ್ದರೂ ಕಷ್ಟ.

2024ರ ನವೆಂಬರ್ 19ರಂದು, ಬಿಡುಗಡೆಯ ದಿನವೇ ಇದರ ರುಚಿ ಸಿಕ್ಕಿತು. ಎರಡು ಲಕ್ಷ ಜನ ಒಟ್ಟಿಗೆ ಬಂದ ಹಾಗೆ ಮಾಡಿ ಸರ್ವರ್ ಪರೀಕ್ಷಿಸಿದ್ದರು. ಆದರೂ ಆ ದಿನ ಡೇಟಾ ಹಂಚುವ ವ್ಯವಸ್ಥೆ ತಾಳಲಿಲ್ಲ. ದುಡ್ಡು ಕೊಟ್ಟವರು 97 ಪರ್ಸೆಂಟ್ ಲೋಡ್ ಆದ ಪರದೆ ನೋಡುತ್ತಾ ಕೂತರು. ಒಳಗೆ ಹೋದ ಕೆಲವರಿಗೆ ವಿಮಾನಗಳೇ ಕಾಣಿಸಲಿಲ್ಲ. ಸಿಮ್ಯುಲೇಟರ್‌ನ ಮುಖ್ಯಸ್ಥ ಯೋರ್ಗ್ ನ್ಯೂಮನ್ ಕ್ಷಮೆ ಕೇಳಬೇಕಾಯಿತು. ಕೆಲವು ದಿನದಲ್ಲಿ ಸರಿಹೋಯಿತು, ಆದರೆ ಕಂಪನಿಯ ಸರ್ವರ್ ಇಲ್ಲದೆ ಅದರ ಬಹುಪಾಲು ಸಿಗಲ್ಲ ಅನ್ನುವುದು ಎಲ್ಲರಿಗೂ ಗೊತ್ತಾಯಿತು.

ಸರ್ವರ್ ಪೂರ್ತಿ ನಿಂತರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. ಯೂಬಿಸಾಫ್ಟ್ 2024ರ ಮಾರ್ಚ್ ಕೊನೆಗೆ 'ದಿ ಕ್ರೂ' ಎಂಬ ಕಾರು ಓಡಿಸುವ ಆಟದ ಸರ್ವರ್ ನಿಲ್ಲಿಸಿತು. ಕೊಂಡವರ ಕೈಯಲ್ಲಿ ಏನೂ ಉಳಿಯಲಿಲ್ಲ. ಆ ಸಿಟ್ಟಿನಿಂದ ಹುಟ್ಟಿದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಯ ಯುರೋಪ್ ಮನವಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಕಂಪನಿಗಳು ನಿಲ್ಲಿಸುವಾಗ ಆಟವನ್ನು ಆಡುವ ಸ್ಥಿತಿಯಲ್ಲಿ ಬಿಟ್ಟು ಹೋಗಬೇಕು ಅನ್ನುವುದು ಅದರ ಬೇಡಿಕೆ. ಪೆಟಾಬೈಟ್‌ಗಟ್ಟಲೆ ಭೂಮಿಯನ್ನು ಹಾಗೆ ಬಿಟ್ಟು ಹೋಗುವುದು ಹೇಗೆ? ಸುಲಭದ ಉತ್ತರ ಇಲ್ಲ. ಕನಿಷ್ಠ, ಕೊಂಡ ವಿಮಾನಗಳಾದರೂ ಸಾದಾ ನೆಲದ ಮೇಲೆ ಹಾರುವಂತಿರಬೇಕು ಅಂತ ಕೇಳುವುದು ನ್ಯಾಯವೇ.

ನಮ್ಮ ಮೂರು ಜಿಲ್ಲೆಯವರ ಲೆಕ್ಕ

2024ರ ಆವೃತ್ತಿಗೆ ಕನಿಷ್ಠ 10 ಎಂಬಿಪಿಎಸ್ ಇಂಟರ್ನೆಟ್ ವೇಗ ಬೇಕು, 50 ಇದ್ದರೆ ಒಳ್ಳೆಯದು ಅನ್ನುತ್ತದೆ ಕಂಪನಿ. ಬಳ್ಳಾರಿ, ರಾಯಚೂರು ನಗರದಲ್ಲಿ ಫೈಬರ್ ಹಾಕಿಸಿಕೊಂಡವರಿಗೆ ಇದು ಸಮಸ್ಯೆಯಲ್ಲ. ದಿನಕ್ಕೆ ಎರಡು ಜಿಬಿ ಮೊಬೈಲ್ ಡೇಟಾದ ಹಾಟ್‌ಸ್ಪಾಟ್ ನಂಬಿ ಲಿಂಗಸುಗೂರು, ಕುಷ್ಟಗಿ, ಸಂಡೂರಿನ ಹಳ್ಳಿಯಲ್ಲಿ ಕೊಳ್ಳಬೇಡಿ. ಒಂದು ಸಂಜೆಗೂ ಸಾಲಲ್ಲ. ಅಂಥವರಿಗೆ ಒಂದೇ ಸಲ ಇಳಿಸಿಕೊಂಡು ಆಮೇಲೆ ಇಂಟರ್ನೆಟ್ ಇಲ್ಲದೆಯೂ ಹಾರಿಸಬಹುದಾದ ಎಕ್ಸ್-ಪ್ಲೇನ್, ಫ್ಲೈಟ್‌ಗೇರ್ ವಾಸಿ.

ಯಂತ್ರದ ಖರ್ಚು ಇನ್ನೊಂದು. 2024ಕ್ಕೆ 32 ಜಿಬಿ ರ‍್ಯಾಮ್, ಆರ್‌ಟಿಎಕ್ಸ್ 2080 ಮಟ್ಟದ ಗ್ರಾಫಿಕ್ಸ್ ಕಾರ್ಡ್ ಶಿಫಾರಸು ಮಾಡಿದ್ದಾರೆ. ಅಂಥ ಪಿಸಿಗಿಂತ ಕನ್ಸೋಲ್ ಅಗ್ಗ. ಪ್ಲೇಸ್ಟೇಷನ್ ಆವೃತ್ತಿಯಿಂದ ನಮ್ಮಂಥ ಊರುಗಳಿಗೆ ಸಿಗುವ ದೊಡ್ಡ ಅನುಕೂಲ ಇದೇ. ಆದರೆ ಕನ್ಸೋಲ್ ತೆಗೆದುಕೊಂಡವರಿಗೆ ಫ್ಲೈಬೈವೈರ್‌ನಂಥ ತಂಡಗಳು ತಮ್ಮ ತಾಣದಲ್ಲಿ ಕೊಡುವ ಪುಕ್ಕಟೆ ಫೈಲುಗಳನ್ನು ನೇರವಾಗಿ ಹಾಕಿಕೊಳ್ಳುವ ದಾರಿ ಮುಚ್ಚಿಹೋಗುತ್ತದೆ. ಶುರುವಿನಲ್ಲಿ ಉಳಿಸಿದ್ದು ಮಾರ್ಕೆಟ್‌ಪ್ಲೇಸ್‌ನಲ್ಲಿ ಸ್ವಲ್ಪ ಸ್ವಲ್ಪವಾಗಿ ಹೋಗಬಹುದು.

ಪೈಲಟ್ ಆಗಬೇಕು ಅನ್ನುವ ಮಕ್ಕಳ ಅಪ್ಪ, ಅಮ್ಮ ಒಂದು ವಿಷಯ ತಿಳಿದಿರಲಿ. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಭಾರತದಲ್ಲಿ 200 ಗಂಟೆ ಹಾರಾಟ ಬೇಕು. ಮನೆಯ ಸಿಮ್ಯುಲೇಟರ್ ಮುಂದೆ ಕಳೆದ ಒಂದು ಗಂಟೆಯೂ ಅದರಲ್ಲಿ ಸೇರಲ್ಲ. ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಒಪ್ಪಿದ ಉಪಕರಣವೇ ಬೇರೆ. ಹಾಗಂತ ಮನೆಯಲ್ಲಿ ಕಲಿತದ್ದು ಸುಮ್ನೆ ಹೋಗಲ್ಲ. ಮೀಟರ್ ಓದುವುದು, ಚೆಕ್‌ಲಿಸ್ಟ್ ರೂಢಿ, ರೇಡಿಯೋದಲ್ಲಿ ಮಾತಾಡುವ ಕ್ರಮ ಇವೆಲ್ಲ ಬೆಂಗಳೂರಿನ ಜಕ್ಕೂರಿನಲ್ಲಿರುವಂಥ ವಿಮಾನ ತರಬೇತಿ ಶಾಲೆಗೆ ಹೋದ ಮೇಲೆ ಕೈ ಹಿಡಿಯುತ್ತವೆ.

ದುಡಿಮೆಯ ದಾರಿ ಇದೆಯಾ? ವಿದ್ಯಾನಗರ ನಿಲ್ದಾಣವನ್ನೋ ತುಂಗಭದ್ರಾ ಅಣೆಕಟ್ಟನ್ನೋ ಚೆನ್ನಾಗಿ ಮಾಡಿ ಮಾರ್ಕೆಟ್‌ಪ್ಲೇಸ್‌ಗೆ ಹಾಕಿದರೆ ಕೊಳ್ಳುವವರು ಬೆರಳೆಣಿಕೆಯಷ್ಟು ಇರಬಹುದು. ಅದರಿಂದ ಸಂಸಾರ ನಡೆಯಲ್ಲ. ಆದರೆ ಅದಕ್ಕೆ ಬೇಕಾದ ಉಪಕರಣಗಳು ಪುಕ್ಕಟೆ ಸಿಗುತ್ತವೆ. 3ಡಿ ಆಕಾರ ಕಟ್ಟುವ ಬ್ಲೆಂಡರ್ ಸಾಫ್ಟ್‌ವೇರ್ ಕಲಿಯಲು, ಆಡ್-ಆನ್ ತಯಾರಿಸಲು ಕೊಡುವ ಸಿಮ್ಯುಲೇಟರ್‌ನ ಎಸ್‌ಡಿಕೆ ಬಳಸಲು ಯಾರಿಗೂ ಕಾಸು ಕೊಡಬೇಕಿಲ್ಲ. ರಾಯಚೂರಿನ ಐಐಐಟಿಯಲ್ಲೋ ಬಳ್ಳಾರಿಯ ಎಂಜಿನಿಯರಿಂಗ್ ಕಾಲೇಜಿನಲ್ಲೋ ಓದುವವರು ಆನೆಗೊಂದಿಯನ್ನು ಸರಿಯಾಗಿ ಎಬ್ಬಿಸಿ ಪುಕ್ಕಟೆಯಾಗಿ ಹಂಚಿದರೂ, ಆ ಕೆಲಸವನ್ನು ತೋರಿಸಿ ದೂರದ ಆಡ್-ಆನ್ ತಂಡಗಳ ಹತ್ತಿರ ಕೆಲಸ ಕೇಳಬಹುದು. ಈ ತಂಡಗಳಲ್ಲಿ ಮನೆಯಿಂದಲೇ ಕೆಲಸ ಮಾಡುವುದು ಮಾಮೂಲು.

ಮುಂದೆ ಗಮನಿಸಬೇಕಾದದ್ದು 2020ರ ಆವೃತ್ತಿಯನ್ನು. ಅದು ಇನ್ನೂ ಮೈಕ್ರೋಸಾಫ್ಟ್‌ನ ಸರ್ವರ್ ಮೇಲೇ ನಿಂತಿದೆ. ಅದರ ಹಿಂದೆ ಹತ್ತು ವರ್ಷದ ಯೋಜನೆ ಇದೆ ಅಂತ ಕಂಪನಿ ಹೇಳಿತ್ತು. 2024ರ ಆವೃತ್ತಿಗೆ ಜನ ಹೋದ ಹಾಗೆಲ್ಲ ಹಳೆಯದರ ಖರ್ಚು ಹೊರೆಯಾಗುತ್ತದೆ. ಅದನ್ನು ನಿಲ್ಲಿಸುವ ದಿನ ಬಂದಾಗ ಅದಕ್ಕೆಂದು ಕೊಂಡ ವಿಮಾನಗಳಿಗೆ, ನಿಲ್ದಾಣಗಳಿಗೆ ಕಂಪನಿ ಏನು ದಾರಿ ಮಾಡುತ್ತದೆ ಅಂತ ನೋಡಬೇಕು. ಅಲ್ಲಿಯವರೆಗೆ ಮಾರ್ಕೆಟ್‌ಪ್ಲೇಸ್‌ನಲ್ಲಿ ಹತ್ತಾರು ಸಾವಿರ ಸುರಿಯುವ ಮುಂಚೆ ಇನ್ನೊಂದು ಸಲ ಯೋಚಿಸಿ. ಪಿಸಿಯಲ್ಲಿ ಆಡುವವರು ಸಾಧ್ಯವಾದಲ್ಲೆಲ್ಲ ಆಡ್-ಆನ್ ಮಾಡಿದ ಕಂಪನಿಯಿಂದಲೇ ನೇರವಾಗಿ ಕೊಂಡು, ಇಳಿಸಿಕೊಂಡ ಫೈಲ್ ಮತ್ತು ರಸೀದಿ ಎರಡನ್ನೂ ಜೋಪಾನವಾಗಿ ಇಟ್ಟುಕೊಳ್ಳಿ.